ಆಸ್ಟ್ರೇಲಿಯಾಕ್ಕೆ ಕ್ಯಾಂಪಿಂಗ್ ಟ್ರೇಲರ್ ತರಿಸುವವರಿಗೆ: ಆಮದು, ನೋಂದಣಿ, ಕಾನೂನಿನ ತೊಡಕು

ಆಫ್‌ರೋಡ್ ಕ್ಯಾಂಪಿಂಗ್ ಟ್ರೇಲರ್ ಎಂದರೆ ಕಾರಿನ ಹಿಂದೆ ಕೊಂಡಿ ಹಾಕಿ ಕಚ್ಚಾ ರಸ್ತೆ, ಮರಳು, ಕಲ್ಲುಹಾದಿಗಳಲ್ಲಿ ಎಳೆದೊಯ್ಯಬಹುದಾದ ಗಟ್ಟಿ ಬಂಡಿ. ಮಡಚಿಟ್ಟ ಡೇರೆ, ಹೊರಕ್ಕೆ ಎಳೆಯುವ ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಬ್ಯಾಟರಿ, ಫ್ರಿಜ್ಜು ಎಲ್ಲವೂ ಅದರಲ್ಲೇ ಅಡಕ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಒಂದು ಪೆಟ್ರೋಲ್ ಬಂಕಿನಿಂದ ಇನ್ನೊಂದಕ್ಕೆ ನೂರಾರು ಕಿಲೋಮೀಟರ್ ಅಂತರವಿರುವುದರಿಂದ ಅಲ್ಲಿ ಇಂಥ ಬಂಡಿಗೆ ದೊಡ್ಡ ಮಾರುಕಟ್ಟೆಯೇ ಇದೆ. ಸ್ಥಳೀಯವಾಗಿ ತಯಾರಾಗುವುದರ ಜೊತೆಗೆ ಚೀನಾ, ದಕ್ಷಿಣ ಆಫ್ರಿಕಾ, ಅಮೆರಿಕಗಳಿಂದಲೂ ಬರುತ್ತದೆ. ಮೆಲ್ಬರ್ನ್, ಸಿಡ್ನಿಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಕಾರ್ಖಾನೆಯಿಂದ ನೇರವಾಗಿ ಅಗ್ಗಕ್ಕೆ ತರಿಸೋಣ ಎಂದು ಯೋಚಿಸುವವರಿದ್ದಾರೆ. ಅಮೆರಿಕದ ಕೆಲಸ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋಗುವಾಗ ಅಲ್ಲಿ ಬಳಸುತ್ತಿದ್ದ ಟ್ರೇಲರನ್ನೂ ಜೊತೆಗೆ ಒಯ್ಯಬೇಕೆನ್ನುವವರೂ ಇದ್ದಾರೆ. ಇಬ್ಬರಿಗೂ ಎದುರಾಗುವ ಕಾನೂನು ಒಂದೇ, ಹಿಡಿಯಬೇಕಾದ ದಾರಿ ಮಾತ್ರ ಬೇರೆ.

ಟ್ರೇಲರಿಗೆ ಎಂಜಿನ್ ಇಲ್ಲ, ಹೊಗೆ ತಪಾಸಣೆ ಇಲ್ಲ, ಹಾಗಾಗಿ ಕಾನೂನೂ ಹಗುರವೆಂದು ತಿಳಿಯುವವರು ಬಹಳ. ಆಸ್ಟ್ರೇಲಿಯಾದ ಕಾನೂನಿನ ಕಣ್ಣಿಗೆ ಟ್ರೇಲರ್ ಕೂಡ ಕಾರಿನಂತೆಯೇ ಒಂದು ರಸ್ತೆ ವಾಹನ. ಇನ್ನು ‘ಆಫ್‌ರೋಡ್’ ಎನ್ನುವುದು ವ್ಯಾಪಾರದ ಮಾತು. ಟ್ರೇಲರುಗಳ ಕಾನೂನು ವರ್ಗೀಕರಣದಲ್ಲಿ ಅಂಥದ್ದೊಂದು ವರ್ಗವೇ ಇಲ್ಲ, ವರ್ಗ ನಿರ್ಧಾರವಾಗುವುದು ತೂಕದಿಂದ. ಕಾಡುಹಾದಿಯಲ್ಲೇ ಬಳಸುತ್ತೇವೆ ಎಂಬ ಕಾರಣಕ್ಕೆ ದೀಪಕ್ಕಾಗಲಿ ಬ್ರೇಕಿಗಾಗಲಿ ರಿಯಾಯಿತಿ ಸಿಗುವುದಿಲ್ಲ. ಕಾಡು ಮುಟ್ಟುವ ಮುಂಚೆ ಡಾಂಬರು ರಸ್ತೆಯಲ್ಲಿ ಹೋಗಲೇಬೇಕಲ್ಲ.

ಎರಡು ಸರ್ಕಾರ, ಎರಡು ಅನುಮತಿ

ಈ ವ್ಯವಹಾರದಲ್ಲಿ ಎರಡು ಹಂತದ ಆಡಳಿತವಿದೆ. ವಾಹನ ದೇಶದೊಳಕ್ಕೆ ಬರುವುದು ಮತ್ತು ಮೊದಲ ಸಲ ಬಳಕೆದಾರರ ಕೈಸೇರುವುದು ಕೇಂದ್ರ ಸರ್ಕಾರದ ವ್ಯಾಪ್ತಿಗೆ ಸೇರಿದ್ದು. ನಂಬರ್ ಪ್ಲೇಟ್ ಕೊಡುವುದು, ರಸ್ತೆಯಲ್ಲಿ ತಡೆದು ತಪಾಸಣೆ ಮಾಡುವುದು 6 ರಾಜ್ಯ ಮತ್ತು 2 ಟೆರಿಟರಿಗಳ ಕೆಲಸ. ಬಂದರಿನಿಂದ ಬಿಡುಗಡೆಯಾಯಿತು ಎಂದಮಾತ್ರಕ್ಕೆ ನೋಂದಣಿ ಆಗಿಯೇ ಆಗುತ್ತದೆ ಎಂದು ನಂಬುವಂತಿಲ್ಲ. ರಾಜ್ಯದ ಕಚೇರಿ ಒಪ್ಪೀತು ಎಂಬ ಭರವಸೆಯ ಮೇಲೆ ಕೇಂದ್ರದ ಅನುಮತಿ ಬಿಡುವಂತೆಯೂ ಇಲ್ಲ.

ಕೇಂದ್ರದ ಮುಖ್ಯ ಕಾನೂನು 2018ರ ರೋಡ್ ವೆಹಿಕಲ್ ಸ್ಟ್ಯಾಂಡರ್ಡ್ಸ್ ಆ್ಯಕ್ಟ್. 1989ರ ಹಳೆಯ ಮೋಟಾರ್ ವೆಹಿಕಲ್ ಸ್ಟ್ಯಾಂಡರ್ಡ್ಸ್ ಆ್ಯಕ್ಟಿನ ಜಾಗಕ್ಕೆ ಬಂದ ಇದು ಪೂರ್ಣವಾಗಿ ಜಾರಿಯಾದದ್ದು 2021ರ ಜುಲೈ 1ರಂದು. ಅಂತರ್ಜಾಲದಲ್ಲಿ ಇಂದಿಗೂ ಸಿಗುವ ಎಷ್ಟೋ ಸಲಹೆಗಳು ಹಳೆಯ ಕಾಯ್ದೆಯ ಕಾಲದವು. ಅವುಗಳ ಪ್ರಕಾರ ನಡೆದರೆ ಮೊದಲ ಹೆಜ್ಜೆಯಲ್ಲೇ ಎಡವಿದಂತೆ. ಹಳೆಯ ಪದ್ಧತಿಯಲ್ಲಿ ಚಾಸಿಗೆ ಒಂದು ಕಂಪ್ಲಯನ್ಸ್ ಪ್ಲೇಟ್ ಬಡಿದರೆ ಅದೇ ಸಾಕ್ಷಿ. ಈಗ ಸಾಕ್ಷಿ ಇರುವುದು ಸರ್ಕಾರದ ಆನ್‌ಲೈನ್ ಪಟ್ಟಿಯಲ್ಲಿ. ಅನುಮೋದಿತ ವಾಹನಗಳ ಈ ಪಟ್ಟಿಯನ್ನು ಎಲ್ಲರೂ ಕರೆಯುವುದು ‘ರ‍್ಯಾವ್’ ಎಂದು, ಅದಕ್ಕೆ ಅರ್ಜಿ ಹಾಕುವ ಪೋರ್ಟಲ್ಲಿನ ಹೆಸರು ‘ರೋವರ್’.

ವ್ಯಾಪಾರಕ್ಕಾಗಿ ತರಿಸುವವರ ದಾರಿ ಟೈಪ್ ಅಪ್ರೂವಲ್. 12 ತಿಂಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಹಗುರ ಟ್ರೇಲರುಗಳನ್ನು ಮಾರುಕಟ್ಟೆಗೆ ಒದಗಿಸುವವರು ಈ ದಾರಿಯಲ್ಲೇ ಹೋಗಬೇಕು. ಒಂದು ಮಾದರಿಗೆ ಒಮ್ಮೆ ಅನುಮೋದನೆ ಸಿಕ್ಕಿತೆಂದರೆ ಅದೇ ಮಾದರಿಯ ಒಂದೊಂದು ಟ್ರೇಲರನ್ನೂ ಪಟ್ಟಿಗೆ ಸೇರಿಸುತ್ತ ಹೋಗಬಹುದು. ಅದರ ಜೊತೆಗೆ ಜವಾಬ್ದಾರಿಯೂ ಬರುತ್ತದೆ: ಪ್ರತಿ ಭಾಗದ ಪರೀಕ್ಷಾ ದಾಖಲೆ ಇಟ್ಟಿರಬೇಕು, ಸರ್ಕಾರ ಕೇಳಿದಾಗ ತೋರಿಸಬೇಕು, ದೋಷ ಕಂಡುಬಂದರೆ ವಾಹನಗಳನ್ನು ವಾಪಸು ಕರೆಸಬೇಕು.

ಸ್ವಂತಕ್ಕೆ ಒಂದೇ ಒಂದು ತರುವವರಿಗೆ ಇರುವುದು ‘ಕನ್ಸೆಷನಲ್’ ಅನುಮೋದನೆ, ಎಂದರೆ ರಿಯಾಯಿತಿಯ ದಾರಿ. ಇದಕ್ಕೆ ಅರ್ಹತೆಯ ಆಧಾರಗಳು ಹಲವು. ಮನೆಮಂದಿಗೆ ಹೆಚ್ಚಾಗಿ ಒದಗಿಬರುವವು ಎರಡು. ಒಂದು, ವಿದೇಶದಲ್ಲಿ ಕನಿಷ್ಠ 12 ತಿಂಗಳು ಸತತವಾಗಿ ತಮ್ಮದೇ ಹೆಸರಿನಲ್ಲಿಟ್ಟುಕೊಂಡು ಬಳಸಿದ ವಾಹನವನ್ನು, ಆಸ್ಟ್ರೇಲಿಯಾದಲ್ಲಿ ನೆಲೆಸಲು ಬರುವಾಗ ತರುವುದು. ಇನ್ನೊಂದು, ತಯಾರಾಗಿ 25 ವರ್ಷ ತುಂಬಿದ ಹಳೆಯ ವಾಹನ. ಮೊದಲನೆಯದಕ್ಕೆ ಕಾಗದಪತ್ರವೇ ಜೀವಾಳ. ಖರೀದಿಯ ರಸೀದಿ, ಅಲ್ಲಿನ ನೋಂದಣಿ, ವಿಮೆ, ಆ ಅವಧಿಯಲ್ಲಿ ತಾವು ಆ ದೇಶದಲ್ಲೇ ಇದ್ದೆವೆಂಬುದಕ್ಕೆ ಪುರಾವೆ ಎಲ್ಲವನ್ನೂ ಹೊರಡುವ ಮೊದಲೇ ಜೋಡಿಸಿಡಬೇಕು. ಹನ್ನೊಂದು ತಿಂಗಳಾಗಿದೆ, ಹೇಗೋ ಆಗುತ್ತದೆ ಎನ್ನುವ ಲೆಕ್ಕಾಚಾರ ಇಲ್ಲಿ ನಡೆಯದು. ಈ ಎರಡಕ್ಕೂ ಸೇರದೆ ಹೊಸ ಟ್ರೇಲರನ್ನು ಕಾರ್ಖಾನೆಯಿಂದ ತರಿಸುವವರು, ಅದು ಅಲ್ಲಿನ ವಾಹನ ಮಾನದಂಡಗಳಾದ ಆಸ್ಟ್ರೇಲಿಯನ್ ಡಿಸೈನ್ ರೂಲ್ಸ್‌ಗೆ ಹೊಂದುತ್ತದೆ ಎಂಬುದನ್ನು ದಾಖಲೆ ಸಮೇತ ತಾವೇ ತೋರಿಸಬೇಕಾಗುತ್ತದೆ. ಕಾರ್ಖಾನೆಯವರು ಕಳಿಸುವ ಬಣ್ಣದ ಕ್ಯಾಟಲಾಗು ಅಂಥ ದಾಖಲೆಯಲ್ಲ.

ಯಾವ ದಾರಿಯೇ ಇರಲಿ, ಆಮದು ಅನುಮೋದನೆ ಕೈಗೆ ಬಂದ ಮೇಲಷ್ಟೇ ಟ್ರೇಲರನ್ನು ಹಡಗಿಗೆ ಹತ್ತಿಸಬೇಕು. ಅನುಮೋದನೆ ಇಲ್ಲದೆ ರಸ್ತೆ ವಾಹನವನ್ನು ಆಮದು ಮಾಡುವುದು ಅಪರಾಧ. ಸರಕು ಬಂದರಿಗೆ ಬಂದು ಅರ್ಜಿ ಇನ್ನೂ ಪರಿಶೀಲನೆಯಲ್ಲಿದ್ದರೆ ದಿನಬಾಡಿಗೆ ಏರುತ್ತಲೇ ಇರುತ್ತದೆ. ಅರ್ಜಿ ತಿರಸ್ಕೃತವಾದರೆ ಉಳಿಯುವುದು ಸ್ವಂತ ಖರ್ಚಿನಲ್ಲಿ ವಾಪಸು ಕಳಿಸುವುದು ಅಥವಾ ನಾಶಕ್ಕೆ ಬಿಡುವುದು. ದಲ್ಲಾಳಿಗಳು ಹಡಗಿನ ತಾರೀಖು ತೋರಿಸಿ ಅವಸರ ಮಾಡುವುದು ಮಾಮೂಲು, ಆ ಅವಸರಕ್ಕೆ ದಂಡ ತೆರುವವರು ಮಾತ್ರ ಆಮದುದಾರರು.

ತಗಡಿನ ಮೇಲಿನ ಅಂಕಿಗಳು

ಟ್ರೇಲರಿನ ಮುಂಭಾಗದ ಚಾಸಿಗೆ ಅಂಟಿಸಿರುವ ಅಂಗೈಯಗಲದ ತಗಡು ನೋಡಲು ಸಣ್ಣದು, ಆದರೆ ಅರ್ಧ ಕಾನೂನು ಅದರ ಮೇಲೇ ಇದೆ. ತಯಾರಕರ ಹೆಸರು, ತಯಾರಾದ ತಿಂಗಳು ಮತ್ತು ವರ್ಷ, 17 ಅಕ್ಷರ-ಅಂಕಿಗಳ ವಿನ್ (ವಾಹನದ ಗುರುತಿನ) ಸಂಖ್ಯೆ, ತೂಕದ ಮಿತಿಗಳು ಅದರಲ್ಲಿರುತ್ತವೆ. ವಿನ್ ಸಂಖ್ಯೆ ತಗಡಿನ ಮೇಲಿದ್ದರೆ ಸಾಲದು, ಚಾಸಿಯ ಕಬ್ಬಿಣಕ್ಕೂ ಕೊರೆದಿರಬೇಕು. ಎರಡರಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ, ಸೊನ್ನೆಯ ಜಾಗದಲ್ಲಿ ‘ಓ’ ಬಂದರೂ, ಅರ್ಜಿ ನಿಂತುಹೋಗುತ್ತದೆ. ಸಾಗಣೆಗೆ ಮುನ್ನ ಎರಡರ ಹತ್ತಿರದ ಫೋಟೊ ತರಿಸಿಕೊಂಡು ಕಾಗದಗಳೊಡನೆ ತಾಳೆ ನೋಡುವುದು ಖರ್ಚಿಲ್ಲದ ಎಚ್ಚರಿಕೆ.

ತೂಕದಲ್ಲಿ ಮೂರು ಬಗೆ. ಖಾಲಿ ಟ್ರೇಲರಿನ ತೂಕ ಟೇರ್. ಸಾಮಾನು ತುಂಬಿ, ಕಾರಿನಿಂದ ಬಿಡಿಸಿ ನಿಲ್ಲಿಸಿದಾಗ ಅದು ತೂಗಬಹುದಾದ ಗರಿಷ್ಠ ಭಾರ ಎಟಿಎಂ. ಕಾರಿಗೆ ಕೊಂಡಿ ಹಾಕಿದಾಗ ಸ್ವಲ್ಪ ಭಾರ ಕಾರಿನ ಟೋ ಬಾರ್ ಮೇಲೆ ಬೀಳುತ್ತದೆ, ಅದನ್ನು ಕಳೆದು ಟ್ರೇಲರಿನ ಗಾಲಿಗಳ ಮೇಲೆ ಉಳಿಯುವುದು ಜಿಟಿಎಂ. ಎಟಿಎಂ 4.5 ಟನ್ ಮೀರದವು ಹಗುರ ಟ್ರೇಲರುಗಳ ಗುಂಪಿಗೆ ಸೇರುತ್ತವೆ. ಕ್ಯಾಂಪಿಂಗ್ ಟ್ರೇಲರುಗಳು ಸಾಮಾನ್ಯವಾಗಿ ಇದರೊಳಗೇ ಇರುತ್ತವೆ.

ಒಂದು ಉದಾಹರಣೆ. ಟೇರ್ 1,400 ಕೆ.ಜಿ., ಎಟಿಎಂ 1,800 ಕೆ.ಜಿ. ಎಂದು ಬರೆದಿರುವ ಟ್ರೇಲರಿನಲ್ಲಿ 400 ಕೆ.ಜಿ. ಸಾಮಾನು ಹೇರಬಹುದು. 160 ಲೀಟರ್ ನೀರಿನ ಟ್ಯಾಂಕು ತುಂಬಿಸಿದರೆ ಅಲ್ಲಿಗೆ 160 ಕೆ.ಜಿ. ಮುಗಿಯಿತು. 9 ಕೆ.ಜಿ.ಯ ಎರಡು ಗ್ಯಾಸ್ ಸಿಲಿಂಡರುಗಳು ಡಬ್ಬಿಯ ತೂಕವೂ ಸೇರಿ ಸುಮಾರು 36 ಕೆ.ಜಿ. ಉಳಿದ ಇನ್ನೂರರಲ್ಲಿ ಮೇಲ್ಛಾವಣಿಯ ಡೇರೆ, ಹೆಚ್ಚುವರಿ ಬ್ಯಾಟರಿ, ಡೀಸೆಲ್ ಕ್ಯಾನು, ಪಾತ್ರೆ, ಹಾಸಿಗೆ, ನಾಲ್ಕು ಜನರ ಬಟ್ಟೆ. ತೂಕ ಮಾಡುವಾಗ ಟೇರ್ ಎಂದು ಬರೆದ ಅಂಕಿಯೇ ತಪ್ಪಿರುವುದು ಗೊತ್ತಾಗುವುದೂ ಉಂಟು. ಡೇರೆ, ಸ್ಪೇರ್ ಟೈರು, ಮುಂದಿನ ಪೆಟ್ಟಿಗೆ ಕೂಡಿಸುವ ಮುನ್ನ ತೂಗಿದ ಅಂಕಿ ಅದಾಗಿದ್ದರೆ ಹೇರುವ ಅವಕಾಶ ಇನ್ನೂ ಕುಗ್ಗುತ್ತದೆ. ನೋಂದಣಿಗೆ ಒಯ್ಯುವ ಮುಂಚೆ ವೇಬ್ರಿಜ್ಜಿನಲ್ಲಿ ತೂಗಿಸಿ ಚೀಟಿ ಪಡೆಯುವುದು ಒಳ್ಳೆಯದು. ಮಿತಿ ಮೀರಿದ ಭಾರಕ್ಕೆ ಪೊಲೀಸರ ದಂಡ ಒಂದು ಕಡೆ, ಅಪಘಾತವಾದರೆ ವಿಮೆ ಕಂಪನಿ ಪರಿಹಾರ ನಿರಾಕರಿಸಲು ಕಾರಣ ಸಿಕ್ಕುವುದು ಇನ್ನೊಂದು ಕಡೆ.

ಬ್ರೇಕು, ದೀಪ, ಬಾಗಿಲು

ಬೇರೆ ದೇಶದಲ್ಲಿ ಎಲ್ಲ ರೀತಿಯಿಂದಲೂ ಕಾನೂನುಬದ್ಧವಾಗಿದ್ದ ಟ್ರೇಲರ್ ಆಸ್ಟ್ರೇಲಿಯಾದಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿಯೇ.

ಬ್ರೇಕಿನ ನಿಯಮ ಜಿಟಿಎಂ ಲೆಕ್ಕದಲ್ಲಿ ನಡೆಯುತ್ತದೆ. ಒಂದೇ ಆ್ಯಕ್ಸಲ್ ಇರುವ, 750 ಕೆ.ಜಿ. ಮೀರದ ಟ್ರೇಲರಿಗೆ ಬ್ರೇಕು ಕಡ್ಡಾಯವಲ್ಲ. 750ರಿಂದ 2,000 ಕೆ.ಜಿ.ವರೆಗೆ ಕನಿಷ್ಠ ಒಂದು ಆ್ಯಕ್ಸಲ್ಲಿನ ಎರಡೂ ಗಾಲಿಗಳಿಗೆ ಬೇಕು. 2,000 ದಾಟಿದರೆ ಎಲ್ಲ ಗಾಲಿಗಳಿಗೂ ಬೇಕು, ಜೊತೆಗೆ ಬ್ರೇಕ್‌ಅವೇ ಇರಬೇಕು. ಎಂದರೆ ಓಡುವಾಗ ಟ್ರೇಲರ್ ಕಾರಿನಿಂದ ಕಳಚಿಕೊಂಡರೆ ಬ್ರೇಕು ತಾನಾಗಿಯೇ ಬಿಗಿದು ಕನಿಷ್ಠ 15 ನಿಮಿಷ ಹಿಡಿದಿರಬೇಕು. ಯುರೋಪಿನ ಟ್ರೇಲರುಗಳಿಗೆ ತೊಡಕಾಗುವುದು ಈ 2,000ದ ಗೆರೆಯೇ. ಅಲ್ಲಿ 3.5 ಟನ್‌ವರೆಗೂ ಓವರ್‌ರನ್ ಬ್ರೇಕು ನಡೆಯುತ್ತದೆ. ಕಾರು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುವ ಬಲದಿಂದಲೇ ಹಿಡಿಯುವ ಬ್ರೇಕು ಅದು. ಆಸ್ಟ್ರೇಲಿಯಾದಲ್ಲಿ ಅದಕ್ಕೆ ಅವಕಾಶ ಜಿಟಿಎಂ 2,000 ಕೆ.ಜಿ.ವರೆಗೆ ಮಾತ್ರ. ಅದಕ್ಕಿಂತ ಭಾರದ ಯುರೋಪಿಯನ್ ಟ್ರೇಲರ್ ತರಿಸಿದರೆ ಆ್ಯಕ್ಸಲ್ಲಿನ ಬ್ರೇಕ್ ವ್ಯವಸ್ಥೆಯನ್ನೇ ಬದಲಿಸಿ, ಕಾರಿನ ಚಾಲಕ ಕುಳಿತಲ್ಲಿಂದ ನಿಯಂತ್ರಿಸುವ ಎಲೆಕ್ಟ್ರಿಕ್ ಬ್ರೇಕು ಹಾಕಿಸಬೇಕಾಗುತ್ತದೆ. ಎಟಿಎಂ 2,200, ಟೋ ಬಾರ್ ಮೇಲೆ 210 ಕೆ.ಜಿ. ಎಂದಿದ್ದರೆ ಜಿಟಿಎಂ 1,990ಕ್ಕೆ ಬಂದು ಗೆರೆಯ ಈಚೆಗೇ ಉಳಿಯುತ್ತದೆ. ಕಾಗದದ ಮೇಲೆ ಇದು ಸರಿ, ಕಡಿದಾದ ಇಳಿಜಾರಿನಲ್ಲಿ ಹತ್ತು ಕೆ.ಜಿ.ಯ ಅಂತರಕ್ಕೆ ಬ್ರೇಕ್‌ಅವೇ ಬಿಡುವುದು ಜಾಣತನವಲ್ಲ.

ಅಮೆರಿಕದ ಟ್ರೇಲರುಗಳ ತೊಂದರೆ ಬೇರೆ ಬಗೆಯದು. ಅಲ್ಲಿ ಹಿಂಬದಿಯ ಕೆಂಪು ದೀಪವೇ ಬ್ರೇಕ್ ಲೈಟೂ ಹೌದು, ಇಂಡಿಕೇಟರೂ ಹೌದು. ಆಸ್ಟ್ರೇಲಿಯಾದಲ್ಲಿ ಇಂಡಿಕೇಟರ್ ಕಿತ್ತಳೆ-ಹಳದಿ ಬಣ್ಣದ್ದೇ ಇರಬೇಕು. ಹಾಗಾಗಿ ದೀಪ ಮಾತ್ರವಲ್ಲ, ವೈರಿಂಗನ್ನೂ ಬಿಚ್ಚಿ ಬೇರೆ ಮಾಡಬೇಕು. ಅಗಲದ ಮಿತಿ 2.5 ಮೀಟರ್. ಅಮೆರಿಕದಲ್ಲಿ 102 ಇಂಚಿಗೆ, ಎಂದರೆ ಸುಮಾರು 2.59 ಮೀಟರಿಗೆ ಅವಕಾಶವಿರುವುದರಿಂದ ದೊಡ್ಡ ಟ್ರೇಲರುಗಳನ್ನು ಆ ಅಗಲಕ್ಕೇ ಕಟ್ಟುತ್ತಾರೆ. ದೀಪ ಬದಲಿಸಬಹುದು, ಗೋಡೆಯನ್ನು ಒಂಬತ್ತು ಸೆಂಟಿಮೀಟರ್ ಒಳಕ್ಕೆ ತಳ್ಳಲಾಗದು. ಹಾಗಾಗಿ ಅಳತೆ ಟೇಪು ಹಿಡಿಯಬೇಕಾದ್ದು ಮುಂಗಡ ಕೊಡುವ ಮೊದಲು.

ಒಳಗೆ ಹತ್ತಿ ಮಲಗುವಂಥ ಕ್ಯಾರವಾನ್ ಮಾದರಿಯಾದರೆ ಬಾಗಿಲು ಎಡಬದಿಗೆ ಅಥವಾ ಹಿಂಬದಿಗೆ ಇರಬೇಕು. ಆಸ್ಟ್ರೇಲಿಯಾದಲ್ಲಿ ಭಾರತದಂತೆಯೇ ರಸ್ತೆಯ ಎಡಕ್ಕೆ ಸಂಚಾರ, ಬಲಬದಿಯ ಬಾಗಿಲು ತೆರೆದರೆ ಇಳಿಯುವವರು ನೇರ ವಾಹನಗಳ ದಾರಿಗೇ ಕಾಲಿಟ್ಟಂತೆ. ಬಲಕ್ಕೆ ಸಂಚರಿಸುವ ಅಮೆರಿಕ, ಯುರೋಪುಗಳಲ್ಲಿ ಬಾಗಿಲು ಸಹಜವಾಗಿಯೇ ಬಲಕ್ಕಿರುತ್ತದೆ. ಬಾಗಿಲನ್ನು ಈಚೆಯಿಂದ ಆಚೆಗೆ ಸಾಗಿಸುವುದೆಂದರೆ ಅಡುಗೆ ಕಟ್ಟೆ, ಕಪಾಟು, ಕಿಟಕಿ, ಗೋಡೆಯೊಳಗಿನ ವೈರು ಎಲ್ಲವನ್ನೂ ಕದಲಿಸುವುದು. ಪೆಟ್ಟಿಗೆಯಾಕಾರದ ಸಣ್ಣ ಕ್ಯಾಂಪರುಗಳಲ್ಲಿ, ಡೇರೆ ಮೇಲಕ್ಕೆ ಬಿಚ್ಚಿಕೊಳ್ಳುವ ಮಾದರಿಗಳಲ್ಲಿ ಈ ಪೇಚು ಕಡಿಮೆ.

ಕೊಂಡಿಯ ವಿಷಯದಲ್ಲಿ ಆಸ್ಟ್ರೇಲಿಯಾದ ರೂಢಿ 50 ಮಿಲಿಮೀಟರಿನ ಗುಂಡು. ಅಮೆರಿಕದ ಎರಡಿಂಚಿನ ಗುಂಡು 50.8 ಮಿಲಿಮೀಟರ್, ಕಣ್ಣಳತೆಗೆ ಒಂದೇ, ಕೂರುವುದರಲ್ಲಿ ಒಂದಲ್ಲ. ಕಚ್ಚಾ ಹಾದಿಗೆ ಮೂರೂ ದಿಕ್ಕಿಗೆ ತಿರುಗುವ ಡಿಒ35ನಂಥ ಕೊಂಡಿಗಳು ಅಲ್ಲಿ ಬಳಕೆಯಲ್ಲಿವೆ. ಯಾವುದೇ ಕೊಂಡಿಯಾದರೂ ಅದರ ಮೇಲೆ ಭಾರಮಿತಿ ಅಚ್ಚಾಗಿರಬೇಕು. ಸುರಕ್ಷತಾ ಸರಪಳಿ 2.5 ಟನ್ ಎಟಿಎಂವರೆಗೆ ಒಂದಾದರೆ ಸಾಕು, ಅಲ್ಲಿಂದ 3.5 ಟನ್‌ವರೆಗೆ ಎರಡು ಬೇಕು. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಸರಪಳಿಯನ್ನು ತಪಾಸಣೆಯವರು ಒಪ್ಪುವುದಿಲ್ಲ.

ಗ್ಯಾಸು ಮತ್ತು ಕರೆಂಟು

ಅಡುಗೆ ಗ್ಯಾಸಿನ ಜೋಡಣೆ ಎಎಸ್/ಎನ್‌ಝಡ್‌ಎಸ್ 5601.2 ಎಂಬ ಮಾನದಂಡಕ್ಕೆ ಹೊಂದಬೇಕು. ಒಲೆ, ಬಿಸಿನೀರಿನ ಹೀಟರ್, ರೆಗ್ಯುಲೇಟರ್ ಎಲ್ಲಕ್ಕೂ ಆಸ್ಟ್ರೇಲಿಯಾದಲ್ಲಿ ಮಾನ್ಯವಾದ ಪ್ರಮಾಣೀಕರಣದ ಗುರುತು ಬೇಕು. ಯುರೋಪಿನ ಅಥವಾ ಅಮೆರಿಕದ ಗುರುತು, ಎಷ್ಟೇ ಹೆಸರಾಂತ ಕಂಪನಿಯದಾದರೂ, ಆ ಜಾಗ ತುಂಬುವುದಿಲ್ಲ. ಪರವಾನಗಿ ಪಡೆದ ಗ್ಯಾಸ್ ಫಿಟ್ಟರ್ ಪ್ರಮಾಣೀಕರಣವಿಲ್ಲದ ಒಲೆಗೆ ಸಹಿ ಹಾಕುವುದಿಲ್ಲ, ಕಿತ್ತು ಹೊಸದು ಹಾಕಿ ಎನ್ನುತ್ತಾನೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಗ್ಯಾಸ್ ಇರುವ ಕ್ಯಾರವಾನನ್ನು ನೋಂದಾಯಿಸುವಾಗ, ಮಾಲೀಕತ್ವ ಬದಲಿಸುವಾಗ ಈ ಪ್ರಮಾಣಪತ್ರ ಕೇಳುತ್ತಾರೆ.

ವಿದ್ಯುತ್ತು ಆಸ್ಟ್ರೇಲಿಯಾದಲ್ಲಿ 230 ವೋಲ್ಟ್, 50 ಹರ್ಟ್ಸ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಪ್ಲಗ್ಗು ಬದಲಿಸಿದರೆ ಮುಗಿಯುವ ಕೆಲಸವಲ್ಲ ಇದು. ಸ್ವಿಚ್ಚು, ಬ್ರೇಕರ್, ಚಾರ್ಜರ್, ಎ.ಸಿ. ಎಲ್ಲವೂ ಬದಲಾಗಬೇಕು. ಕ್ಯಾರವಾನುಗಳ ವಿದ್ಯುತ್ ಜೋಡಣೆಗೆ ಎಎಸ್/ಎನ್‌ಝಡ್‌ಎಸ್ 3001 ಮಾನದಂಡವಿದೆ. 2022ರ ಪರಿಷ್ಕರಣೆಯಲ್ಲಿ ಲಿಥಿಯಂ ಬ್ಯಾಟರಿಗೆ ಬಿಗಿ ನಿಯಮ ಬಂದಿದೆ: ಜನ ಮಲಗುವ ಜಾಗಕ್ಕೆ ಬ್ಯಾಟರಿಯ ಅನಿಲ ಹೋಗದಂತೆ ಅದನ್ನು ಹೊರಗೆ ಅಥವಾ ಪ್ರತ್ಯೇಕವಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬೇಕು. ಮಂಚದ ಕೆಳಗೆ ಬ್ಯಾಟರಿ ಇಟ್ಟ ಮಾದರಿಗಳನ್ನು ಕೊಳ್ಳುವಾಗ ಇದು ನೆನಪಿರಲಿ. ಫ್ರಿಜ್ಜು, ಎ.ಸಿ.ಗಳಲ್ಲಿ ತುಂಬಿರುವ ಹೈಡ್ರೊಫ್ಲೋರೊಕಾರ್ಬನ್ ಅನಿಲಕ್ಕೂ 1989ರ ಓಜೋನ್ ಸಂರಕ್ಷಣಾ ಕಾಯ್ದೆಯ ಪ್ರಕಾರ ಆಮದು ಪರವಾನಗಿ ಅಥವಾ ವಿನಾಯಿತಿ ಬೇಕು. ಇದನ್ನು ಬಹುತೇಕರು ಬಂದರಿನಲ್ಲೇ ಮೊದಲ ಸಲ ಕೇಳುವುದು.

ಮಣ್ಣು, ಹುಳು, ಕಲ್ನಾರು

ಆಸ್ಟ್ರೇಲಿಯಾದ ಜೈವಿಕ ಸುರಕ್ಷತೆಯ ಕಟ್ಟುನಿಟ್ಟು ವಿಮಾನ ನಿಲ್ದಾಣದಲ್ಲಿ ಉಪ್ಪಿನಕಾಯಿ ಡಬ್ಬಿ ಬಿಚ್ಚಿ ತೋರಿಸಿದ ಕನ್ನಡಿಗರಿಗೆ ಹೊಸದಲ್ಲ. ಬಳಸಿದ ಟ್ರೇಲರಿಗೆ ಅದೇ ಕಟ್ಟುನಿಟ್ಟು ಇನ್ನಷ್ಟು ದೊಡ್ಡ ಪ್ರಮಾಣದಲ್ಲಿ. 2015ರ ಬಯೋಸೆಕ್ಯೂರಿಟಿ ಆ್ಯಕ್ಟ್ ಪ್ರಕಾರ ಬಳಸಿದ ವಾಹನ ಒಳಗೂ ಹೊರಗೂ ಮಣ್ಣು, ಬೀಜ, ಎಲೆ, ಹುಳು ಇಲ್ಲದಷ್ಟು ಶುಚಿಯಾಗಿರಬೇಕು. ಕಚ್ಚಾ ಹಾದಿಯಲ್ಲಿ ಓಡಿದ ಬಂಡಿಗೆ ಇದು ಕಷ್ಟದ ಪರೀಕ್ಷೆ. ಟೊಳ್ಳು ಚಾಸಿಯ ಒಳಗೆ ಗಟ್ಟಿಯಾದ ಕೆಸರು, ಮಡ್‌ಗಾರ್ಡಿನ ಮಡಿಕೆ, ಸ್ಪ್ರಿಂಗ್ ಪಟ್ಟಿಗಳ ಸಂದು, ಡೇರೆ ಬಟ್ಟೆಯ ಹೊಲಿಗೆಯಲ್ಲಿ ಸಿಕ್ಕಿಕೊಂಡ ಹುಲ್ಲಿನ ಬೀಜ, ಜಿಪ್ಪಿನ ಹಿಂದೆ ಜೇಡದ ಮೊಟ್ಟೆ, ಇವನ್ನೆಲ್ಲ ಅಧಿಕಾರಿಗಳು ಟಾರ್ಚು ಹಿಡಿದು ಹುಡುಕುತ್ತಾರೆ. ಸಿಕ್ಕರೆ ಬಂದರಿನಲ್ಲೇ ತೊಳೆಸಬೇಕು, ಖರ್ಚು ಆಮದುದಾರರದು. ತೊಳೆದೂ ಹೋಗದಿದ್ದರೆ ವಾಪಸು. ಹಡಗಿಗೆ ಹಾಕುವ ಮುಂಚೆ ಚಾಸಿಯ ಒಳಕ್ಕೆ ಒತ್ತಡದ ನೀರು ಬಿಟ್ಟು ತೊಳೆಸಿ, ಡೇರೆಯನ್ನು ಪೂರ್ತಿ ಬಿಚ್ಚಿ ಒಣಗಿಸಿ, ಆ ಕೆಲಸದ ಫೋಟೊ ಇಟ್ಟುಕೊಳ್ಳುವುದು ಇದಕ್ಕೆ ಉಪಾಯ.

ಹೊಸ ಟ್ರೇಲರಿಗೂ ಒಂದು ಕಂಟಕವಿದೆ, ಬ್ರೌನ್ ಮಾರ್ಮೊರೇಟೆಡ್ ಸ್ಟಿಂಕ್ ಬಗ್. ಬೆಳೆ ತಿನ್ನುವ, ಗಬ್ಬುನಾತ ಬೀರುವ ಈ ಕಂದು ಕೀಟ ಚಳಿಗಾಲ ಕಳೆಯಲು ವಾಹನಗಳ ಸಂದುಗೊಂದಿಯಲ್ಲಿ ಅಡಗಿ ಹಡಗು ಹತ್ತುತ್ತದೆ. ಸೆಪ್ಟೆಂಬರ್ 1ರಿಂದ ಏಪ್ರಿಲ್ 30ರೊಳಗೆ ಅಮೆರಿಕ ಮತ್ತು ಯುರೋಪಿನ ಹಲವು ದೇಶಗಳಿಂದ ಹೊರಡುವ ವಾಹನಗಳಿಗೆ ಬಿಸಿಗಾಳಿ ಅಥವಾ ಹೊಗೆಯ ಚಿಕಿತ್ಸೆ ಕಡ್ಡಾಯ. ಆದ್ದರಿಂದ ಮೇ ತಿಂಗಳಿಂದ ಆಗಸ್ಟ್‌ವರೆಗಿನ ಹಡಗು ಸಿಕ್ಕರೆ ಒಂದು ಖರ್ಚು ಉಳಿಯುತ್ತದೆ. ಪ್ಯಾಕಿಂಗಿನ ಮರದ ಪಟ್ಟಿಗಳ ಮೇಲೆ, ಅವು ಕೀಟಮುಕ್ತವಾಗುವಂತೆ ಸಂಸ್ಕರಿಸಿದವು ಎಂದು ಸೂಚಿಸುವ ಐಎಸ್‌ಪಿಎಂ 15 ಮುದ್ರೆ ಇರಲೇಬೇಕು.

ಕಲ್ನಾರು, ಎಂದರೆ ಆಸ್ಬೆಸ್ಟಾಸ್, ಆಸ್ಟ್ರೇಲಿಯಾದಲ್ಲಿ 2003ರ ಡಿಸೆಂಬರ್ 31ರಿಂದ ಪೂರ್ತಿ ನಿಷಿದ್ಧ. ಸ್ವಲ್ಪ ಇದ್ದರೆ ನಡೆಯುತ್ತದೆ ಎಂಬ ಮಿತಿಯೇ ಇಲ್ಲ. ಹಳೆಯ ಟ್ರೇಲರಿನ ಬ್ರೇಕ್ ಲೈನಿಂಗು, ಗ್ಯಾಸ್ಕೆಟ್ಟು, ತಳಕ್ಕೆ ಬಳಿದ ಡಾಂಬರಿನಂಥ ಲೇಪನ, ಒಲೆಯ ಹಿಂದಿನ ಶಾಖ ತಡೆಯುವ ಹಾಳೆ ಇವು ಅನುಮಾನದ ಜಾಗಗಳು. ಇಲ್ಲ ಎಂದು ಬರೆದುಕೊಟ್ಟರೆ ಸಾಲದು, ಇಲ್ಲವೆಂದು ತೋರಿಸುವ ಹೊಣೆಯೂ ಆಮದುದಾರರದೇ, ಅನುಮಾನ ಬಂದರೆ ಪ್ರಯೋಗಾಲಯದ ಪರೀಕ್ಷೆ. 25 ವರ್ಷದ ಹಳೆಯ ಟ್ರೇಲರ್ ಎಂಬ ರಿಯಾಯಿತಿಯ ದಾರಿ ಹಿಡಿದವರಿಗೆ ಅಲ್ಲಿ ಉಳಿದ ಶ್ರಮವೆಲ್ಲ ಇಲ್ಲಿ ಖರ್ಚಾಗಬಹುದು.

ಸುಂಕದ ಲೆಕ್ಕ

ಕಸ್ಟಮ್ಸ್ ಪಟ್ಟಿಯಲ್ಲಿ ವಾಸಕ್ಕೆ ಅಥವಾ ಕ್ಯಾಂಪಿಂಗಿಗೆ ಬಳಸುವ ಕ್ಯಾರವಾನ್ ಮಾದರಿಯ ಟ್ರೇಲರುಗಳದು 8716.10 ಎಂಬ ಶೀರ್ಷಿಕೆ. ಸಾಮಾನ್ಯ ಸುಂಕ ಶೇ. 5, ಅದರ ಮೇಲೆ ಜಿಎಸ್‌ಟಿ ಶೇ. 10. ಜಿಎಸ್‌ಟಿಯನ್ನು ಬರೀ ಬೆಲೆಯ ಮೇಲಲ್ಲ, ಬೆಲೆ, ಸುಂಕ, ಸಾಗಣೆ, ವಿಮೆ ಎಲ್ಲ ಕೂಡಿದ ಮೊತ್ತದ ಮೇಲೆ ಹಾಕುತ್ತಾರೆ. 20,000 ಆಸ್ಟ್ರೇಲಿಯನ್ ಡಾಲರಿನ ಟ್ರೇಲರಿಗೆ ಸುಂಕ 1,000. ಸಾಗಣೆ-ವಿಮೆ 4,000 ಎಂದಿಟ್ಟುಕೊಂಡರೆ ಒಟ್ಟು 25,000, ಅದರ ಮೇಲೆ ಜಿಎಸ್‌ಟಿ 2,500. ಕಟ್ಟಬೇಕಾದ ತೆರಿಗೆ 3,500 ಡಾಲರ್. ಅದೇ ಟ್ರೇಲರ್ ಚೀನಾದಲ್ಲಿ ತಯಾರಾಗಿದ್ದು, 2015ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಮುಕ್ತ ವ್ಯಾಪಾರ ಒಪ್ಪಂದದ ಪ್ರಕಾರ ಮೂಲದ ಪ್ರಮಾಣಪತ್ರ ಇದ್ದರೆ ಸುಂಕ ಸೊನ್ನೆ, ಜಿಎಸ್‌ಟಿ 2,400. ಅಮೆರಿಕದ ಜೊತೆಗೂ 2005ರಿಂದ ಇಂಥ ಒಪ್ಪಂದವಿದೆ. ಲೆಕ್ಕಕ್ಕೆ ಬರುವುದು ತಯಾರಾದ ದೇಶ, ಕೊಂಡ ದೇಶವಲ್ಲ. ಬೇರೆಡೆ ತಯಾರಾಗಿ ಅಮೆರಿಕದ ಅಂಗಡಿಯಲ್ಲಿ ಮಾರಾಟವಾದದ್ದಕ್ಕೆ ಅಮೆರಿಕದ ರಿಯಾಯಿತಿ ಸಿಗದು. ದುಬಾರಿ ಕಾರಿಗೆ ಹಾಕುವ ಲಕ್ಷುರಿ ಕಾರ್ ತೆರಿಗೆ ಟ್ರೇಲರಿಗಿಲ್ಲ. ಬಂದರು ಶುಲ್ಕ, ಕಸ್ಟಮ್ಸ್ ಬ್ರೋಕರ್, ಜೈವಿಕ ತಪಾಸಣೆ ಈ ಲೆಕ್ಕದ ಹೊರಗಿನವು.

ರಾಜ್ಯದ ತಪಾಸಣೆ

ಕೇಂದ್ರದ ಪಟ್ಟಿಗೆ ಸೇರಿದ ಮೇಲೆ ನೋಂದಣಿ ಬಹುಮಟ್ಟಿಗೆ ಸಲೀಸು, ಆದರೆ ರಾಜ್ಯಕ್ಕೊಂದು ರೀತಿ. ನ್ಯೂ ಸೌತ್ ವೇಲ್ಸಿನಲ್ಲಿ ನೋಂದಣಿಯಿಲ್ಲದ ವಾಹನವನ್ನು ಅಧಿಕೃತ ಕೇಂದ್ರದಲ್ಲಿ ಪರೀಕ್ಷಿಸಿ ‘ಬ್ಲೂ ಸ್ಲಿಪ್’ ಕೊಡುತ್ತಾರೆ. ಕ್ವೀನ್ಸ್‌ಲ್ಯಾಂಡಿನಲ್ಲಿ 751 ಕೆ.ಜಿ.ಯಿಂದ 3.5 ಟನ್‌ವರೆಗಿನ ಎಟಿಎಂ ಇರುವ ಟ್ರೇಲರಿಗೆ ಸೇಫ್ಟಿ ಸರ್ಟಿಫಿಕೇಟ್ ವ್ಯವಸ್ಥೆಯಿದೆ. ವಿಕ್ಟೋರಿಯಾದಲ್ಲಿ ವಿಕ್‌ರೋಡ್ಸ್‌ನಲ್ಲಿ ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ಎಲ್ಲೆಡೆಯೂ ಬೇಕಾಗುವ ಕಾಗದಗಳು ಹೆಚ್ಚುಕಡಿಮೆ ಒಂದೇ: ಆಮದು ಅನುಮೋದನೆ, ಕಸ್ಟಮ್ಸ್ ಬಿಡುಗಡೆ ಪತ್ರ, ಖರೀದಿ ರಸೀದಿ, ಗುರುತಿನ ಚೀಟಿ, ವಿಳಾಸದ ಪುರಾವೆ, ತೂಕದ ಚೀಟಿ. ನೋಂದಣಿಯಿಲ್ಲದ ಟ್ರೇಲರನ್ನು ಬಂದರಿನಿಂದ ಮನೆಗೆ ಕಾರಿಗೆ ಕಟ್ಟಿ ಎಳೆಯುವಂತಿಲ್ಲ. ತಾತ್ಕಾಲಿಕ ಪರ್ಮಿಟ್ ಪಡೆಯಬೇಕು, ಇಲ್ಲವೇ ಲಾರಿಯ ಮೇಲೆ ಹೇರಿಸಬೇಕು.

ಟ್ರೇಲರ್ ನೋಂದಣಿಯಾದರೂ ಅದನ್ನು ಎಳೆಯುವ ಕಾರಿಗೆ ಆ ಶಕ್ತಿ ಇದೆಯೇ ಎಂಬುದು ಬೇರೆ ಪ್ರಶ್ನೆ. ಕಾರಿನ ತಯಾರಕರು ಹೇಳಿದ ಎಳೆತದ ಮಿತಿ, ಟೋ ಬಾರಿನ ಮಿತಿ, ಕೊಂಡಿಯ ಮಿತಿ ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ಅಂತಿಮ.

ಕರ್ನಾಟಕಕ್ಕೆ ತರುವುದಾದರೆ

ವಿದೇಶದಿಂದ ಮರಳುವಾಗ ಇಂಥ ಟ್ರೇಲರನ್ನು ಬೆಂಗಳೂರಿಗೆ ತಂದರೆ ಹೇಗೆ ಎಂದು ಕೇಳುವವರಿಗೆ ಒಂದೆರಡು ಮಾತು. ಭಾರತದ 1988ರ ಮೋಟಾರು ವಾಹನ ಕಾಯ್ದೆಯಲ್ಲೂ ಟ್ರೇಲರ್ ಮೋಟಾರು ವಾಹನದ ವ್ಯಾಖ್ಯೆಯೊಳಗೇ ಬರುತ್ತದೆ, 39ನೇ ಕಲಮಿನ ಪ್ರಕಾರ ನೋಂದಣಿ ಕಡ್ಡಾಯ, 61ನೇ ಕಲಮು ಅದನ್ನು ಟ್ರೇಲರುಗಳಿಗೆ ಪ್ರತ್ಯೇಕವಾಗಿಯೇ ಹೇಳುತ್ತದೆ. ಎಳೆಯುವ ವಾಹನದ ನಂಬರ್ ಟ್ರೇಲರಿನ ಮೇಲೂ ಕಾಣಬೇಕೆಂಬುದು ಅಲ್ಲಿಯೇ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದ ಪ್ರಕಾರ ಮಾದರಿಯನ್ನು ಪುಣೆಯ ಎಆರ್‌ಎಐನಂಥ ಮಾನ್ಯ ಸಂಸ್ಥೆ ಪರೀಕ್ಷಿಸಿರಬೇಕು. ಆರ್‌ಟಿಒ ಕಚೇರಿಯಲ್ಲಿ ಕಸ್ಟಮ್ಸ್ ಬಿಡುಗಡೆಯ ಪತ್ರ ತೋರಿಸಬೇಕು. ಒಂದೇ ಟ್ರೇಲರಿಗಾಗಿ ಇಷ್ಟು ದೂರ ಹೋಗುವುದು ಲಾಭದ ಮಾತಲ್ಲ. ಇಲ್ಲಿಯೇ ತಯಾರಾಗಿ ಅನುಮೋದನೆ ಪಡೆದದ್ದನ್ನು ಕೊಳ್ಳುವುದೇ ವಾಸಿ.

ಆಸ್ಟ್ರೇಲಿಯಾದ ಮಟ್ಟಿಗೂ ತೀರ್ಮಾನ ಬಹಳ ಬೇರೆಯಲ್ಲ. ವರ್ಷಗಟ್ಟಲೆ ಬಳಸಿ ಒಗ್ಗಿಹೋದ, ಅಗಲ-ತೂಕ ಸರಿಹೊಂದುವ ಒಳ್ಳೆಯ ಟ್ರೇಲರನ್ನು ಜೊತೆಗೆ ಒಯ್ಯುವುದರಲ್ಲಿ ಅರ್ಥವಿದೆ. ಹೊಸದನ್ನು ಒಂದೇ ಒಂದು, ಬರೀ ಅಗ್ಗವೆಂದು ತರಿಸಿದರೆ ಬ್ರೇಕು, ಗ್ಯಾಸು, ವೈರಿಂಗಿನ ಬದಲಾವಣೆಯಲ್ಲಿ ಉಳಿತಾಯ ಕರಗುತ್ತದೆ. ಈಗಾಗಲೇ ಆಮದಾಗಿ ಅಂಗಳದಲ್ಲಿ ನಿಂತಿರುವ ಹೊಸ ಟ್ರೇಲರನ್ನು ಆಸ್ಟ್ರೇಲಿಯಾದ ವ್ಯಾಪಾರಿಯಿಂದ ಕೊಳ್ಳುವವರು ಅದರ ವಿನ್ ಸಂಖ್ಯೆ ಬರೆದುಕೊಂಡು ಸರ್ಕಾರದ ರ‍್ಯಾವ್ ಪಟ್ಟಿಯಲ್ಲಿ ಹುಡುಕಲಿ. ಪಟ್ಟಿ ಸಾರ್ವಜನಿಕ, ಯಾರು ಬೇಕಾದರೂ ನೋಡಬಹುದು. ಸಂಖ್ಯೆ ಸಿಗದಿದ್ದಾಗ ‘ಆಮೇಲೆ ಸೇರಿಸಿ ಕೊಡುತ್ತೇವೆ’ ಎಂದು ಮಾರಾಟಗಾರರು ಹೇಳಿದರೆ, ಸೇರಿದ ಮೇಲೆಯೇ ಹಣ ಕೊಡಿ.